ವಿಶ್ವಸಾಹಿತ್ಯಕ್ಕೆ ಇಂಗ್ಲಿಷ್ ಒಂದೇ ಹೆಬ್ಬಾಗಿಲೇ?

'ವಿಶ್ವಸಾಹಿತ್ಯ' ಎಂಬ ಮಾತಿಗೆ ಯುರೋಪಿನಲ್ಲಿ ಚಲಾವಣೆ ತಂದುಕೊಟ್ಟವನು ಗಯಟೆ. ರಾಷ್ಟ್ರಸಾಹಿತ್ಯದ ಕಾಲ ಮುಗಿಯುತ್ತಿದೆಯೆಂದು ಅವನು ಎಕರ್‌ಮನ್‌ನೊಡನೆ ಹೇಳಿದ್ದು 1827ರಲ್ಲಿ. ಆದರೆ ಅವನು ಮನಸಾರೆ ಮೆಚ್ಚಿದ ಶಾಕುಂತಲವು ವಿಲಿಯಂ ಜೋನ್ಸನ ಇಂಗ್ಲಿಷ್ ಅನುವಾದದ ಮೂಲಕ ಜರ್ಮನ್‌ಗೆ ಇಳಿದದ್ದು. ಈ ಪರಿಕಲ್ಪನೆಯ ಬೆನ್ನಿಗೆ ಮೊದಲಿನಿಂದಲೂ ಒಂದು ಮಧ್ಯವರ್ತಿ ಭಾಷೆ ಇದ್ದೇ ಇದೆ.

ಇಂದು ವಿಶ್ವಸಾಹಿತ್ಯವು ವಿಶ್ವವಿದ್ಯಾಲಯಗಳ ಪ್ರಮುಖ ಸಂಶೋಧನಾ ಕ್ಷೇತ್ರಗಳಲ್ಲೊಂದು. ಸಾಹಿತ್ಯ ಜಗತ್ತಿನಲ್ಲಿಯೂ ರಾಜಧಾನಿ ಮತ್ತು ಅಂಚುಗಳ ಅಸಮಾನತೆ ಇದೆಯೆಂದು ಪಾಸ್ಕಲ್ ಕಸನೋವಾ 1999ರಲ್ಲಿ ವಾದಿಸಿದರು. ಎಲ್ಲವನ್ನೂ ಓದುವುದು ಅಸಾಧ್ಯ. ಆದ್ದರಿಂದ ಆಯಾ ಭಾಷೆಯ ವಿದ್ವಾಂಸರ ಅಧ್ಯಯನಗಳನ್ನು ಆಧರಿಸಿ 'ದೂರದ ಓದು' ನಡೆಸೋಣ ಎಂದರು ಫ್ರಾಂಕೊ ಮೊರೆಟ್ಟಿ, 2000ದಲ್ಲಿ. ವಾದವೇನೋ ಆಕರ್ಷಕವೇ. ಆದರೆ ದೂರದ ಓದಿಗೆ ಯಾರಾದರೂ ಹತ್ತಿರದಿಂದ ಓದಿಕೊಡಲೇಬೇಕು. ಆ ಹತ್ತಿರದ ಓದುಗರೇ ಇಲ್ಲವಾದರೆ?

ಇಂಗ್ಲಿಷ್ ಎಂ.ಎ. ತರಗತಿಗಳಲ್ಲಿ 'ಸಂಸ್ಕಾರ'ವನ್ನು ಓದುವುದು ರಾಮಾನುಜನ್ ಅವರ 1976ರ ಅನುವಾದದಲ್ಲಿ. ಬಾನು ಮುಷ್ತಾಕರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದದ್ದು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದಕ್ಕೆ. ಇವೆರಡೂ ಹೆಮ್ಮೆಯ ಸಂಗತಿಗಳೇ. ಇಂಗ್ಲಿಷ್ ಬೇಡವೆಂಬುದು ನನ್ನ ಮಾತಲ್ಲ. ಇಂಗ್ಲಿಷಿಗೆ ಹೋಗದ ಕೃತಿ ವಿಶ್ವದಲ್ಲಿ ಇಲ್ಲವೇ ಇಲ್ಲ ಎಂಬ ಭಾವನೆ ಬೇರೂರುತ್ತಿರುವುದೇ ನನ್ನ ಆತಂಕ.

ಬೇರೆ ದಾರಿಗಳನ್ನು ನಮ್ಮವರು ಎಂದೋ ತೋರಿದ್ದಾರೆ. ತೌಲನಿಕ ಸಾಹಿತ್ಯವನ್ನು ರವೀಂದ್ರನಾಥರು 'ವಿಶ್ವಸಾಹಿತ್ಯ' ಎಂದು ಕರೆದದ್ದು 1907ರಲ್ಲಿ. ಬುದ್ಧದೇವ ಬಸು ಅವರು ಜಾದವಪುರದಲ್ಲಿ ಅದಕ್ಕೆಂದೇ ವಿಭಾಗವನ್ನು ಕಟ್ಟಿದ್ದು 1956ರಲ್ಲಿ. ಪುಣೆಯ ಉಮಾ ಕುಲಕರ್ಣಿಯವರು ಭೈರಪ್ಪನವರ 'ವಂಶವೃಕ್ಷ', 'ಪರ್ವ'ಗಳನ್ನು ಕನ್ನಡದಿಂದಲೇ ಮರಾಠಿಗೆ ತಂದರು. ಎರಡು ನೆರೆಭಾಷೆಗಳ ನಡುವೆ ಮೂರನೆಯದರ ಹಂಗು ಬೇಕಾಗಲಿಲ್ಲ.

ವರ್ಗಾವಣೆಯಿಂದಲೋ ಹೊಟ್ಟೆಪಾಡಿನಿಂದಲೋ ಪರಭಾಷಾ ನಾಡಿನಲ್ಲಿ ನೆಲೆಸಿದ ನಮಗೆ ಈ ಸಾಮರ್ಥ್ಯ ಅನಾಯಾಸವಾಗಿ ಒದಗಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ತಮಿಳು, ತೆಲುಗು ಅಥವಾ ಹಿಂದಿ. ವಿಶ್ವವಿದ್ಯಾಲಯಗಳು ಇದನ್ನು ಸಂಶೋಧನೆಯ ಬಂಡವಾಳವೆಂದು ಗುರುತಿಸಬೇಕು; ತೌಲನಿಕ ಪ್ರಬಂಧ ಬರೆಯುವವರಿಗೆ ಎರಡೂ ಮೂಲಭಾಷೆಗಳು ತಿಳಿದಿರಬೇಕೆಂದು ಕಡ್ಡಾಯ ಮಾಡಬೇಕು. ನಮ್ಮ ಪಾಲಿನ ಕೆಲಸವೂ ಇದೆ. ನಮ್ಮ ಎಷ್ಟೋ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಅಕ್ಷರ ತಪ್ಪಿದ ತಲೆಮಾರಿಗೆ ಕುವೆಂಪು, ಕಾರಂತರೂ ಅನುವಾದದಲ್ಲಿ ಓದಬೇಕಾದ ಪರಭಾಷಾ ಲೇಖಕರಾಗುತ್ತಾರೆ.