ರೆಫರ್ ಚೀಟಿಗೆ ಮೊದಲು ಪ್ರತಿವಿಷ

ರಾಗಿ ಕೊಯ್ಲಿನ ಹೊತ್ತಿನಲ್ಲಿ ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ಹೊಲಗಳಲ್ಲಿ ಕುಡುಗೋಲು ಹಿಡಿದ ಕೈಗೂ ಕೊಳಕುಮಂಡಲಕ್ಕೂ ನಡುವೆ ಇರುವುದು ಒಂದು ಹಿಡಿ ಪೈರು. ಕಾಳಿಗೆ ಇಲಿ, ಇಲಿಗೆ ಹಾವು. ಕೊಯ್ಲು ಮುಗಿದ ಮೇಲೆ ಮೆದೆಯೊಳಗೂ ಇದೇ ಕಥೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟ್ ರಾತ್ರಿ ಬಂದರಂತೂ ಟಾರ್ಚ್ ಹಿಡಿದು ಬದುವಿನ ಮೇಲೆ ನಡೆಯಲೇಬೇಕು.

ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂಬುದು ಸಂಶೋಧಕರ ಅಂದಾಜು. ವರ್ಷಕ್ಕೆ ಸರಾಸರಿ 58 ಸಾವಿರ. ಸರ್ಕಾರಿ ಕಡತಕ್ಕೆ ಸಿಗುತ್ತಿದ್ದದ್ದು ಇದರಲ್ಲೊಂದು ಪಾಲು ಮಾತ್ರ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತು; ಈಗ ಖಾಸಗಿ ಆಸ್ಪತ್ರೆಗಳೂ ವರದಿ ಮಾಡಬೇಕು. ಒಳ್ಳೆಯ ಕೆಲಸವೇ. ಆದರೆ ಕಡಿಸಿಕೊಂಡವರ ಮೊದಲ ಎರಡು ಗಂಟೆ ಎಲ್ಲಿ ಕಳೆಯುತ್ತದೆ?

ಕೆಲವರದು ಮಂತ್ರ ಹಾಕುವವರ ಜಗಲಿಯಲ್ಲಿ. (ವಿಷವಿಲ್ಲದ ಕೇರೆಹಾವು ಕಡಿದವರನ್ನು 'ಬದುಕಿಸಿ' ಗಳಿಸಿದ ಹೆಸರು ಎಷ್ಟೋ ಮಂತ್ರವಾದಿಗಳದು.) ಉಳಿದವರದು ಆಂಬುಲೆನ್ಸಿನಲ್ಲಿ, ಹೆಬ್ಬಾಳದಲ್ಲೋ ಗೊರಗುಂಟೆಪಾಳ್ಯದಲ್ಲೋ ಟ್ರಾಫಿಕ್ ಸಡಿಲಾಗುವುದನ್ನು ಕಾಯುತ್ತಾ.

ಕೊಳಕುಮಂಡಲದ ವಿಷ ಏರಿದರೆ ರಕ್ತ ಹೆಪ್ಪುಗಟ್ಟುವುದನ್ನೇ ಮರೆಯುತ್ತದೆ, ಕಿಡ್ನಿ ಸೋಲುತ್ತದೆ. ಇದನ್ನು ಪತ್ತೆಹಚ್ಚಲು ದೊಡ್ಡ ಯಂತ್ರ ಬೇಡ. ಶುಭ್ರವಾದ ಒಣ ಗಾಜಿನ ಕೊಳವೆಯಲ್ಲಿ ಒಂದಿಷ್ಟು ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಓರೆ ಮಾಡಿ ನೋಡಬೇಕು. ಇನ್ನೂ ನೀರಾಗಿ ಹರಿದರೆ ಪ್ರತಿವಿಷಕ್ಕೆ ತಡಮಾಡಬಾರದು. ಕಟ್ಟುಹಾವಿನ ಮಾತು ಬೇರೆ: ನೋವಿಲ್ಲ, ಬಾವಿಲ್ಲ, ನಿದ್ದೆಯಲ್ಲಿದ್ದವರಿಗೆ ಕಡಿದದ್ದೇ ತಿಳಿಯದಿರಬಹುದು. ಬೆಳಗಿನ ಹೊತ್ತಿಗೆ ರೆಪ್ಪೆ ಜೋಲುತ್ತದೆ, ಆಮೇಲೆ ಉಸಿರು.

ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಹಿಂಜರಿಯುವುದಕ್ಕೂ ಕಾರಣವಿದೆ. ಪ್ರತಿವಿಷ ತಯಾರಾಗುವುದು ಕುದುರೆಯ ರಕ್ತದಿಂದ. ಕೆಲವರ ಮೈಗೆ ಅದು ಒಗ್ಗದೆ ಬಿಪಿ ಕುಸಿಯಬಹುದು. ಕೈಗೆಟುಕುವಲ್ಲಿ ಅಡ್ರಿನಲಿನ್ ಇದ್ದು, ಬಳಸಿ ಅಭ್ಯಾಸವಿದ್ದರೆ ಸಾಮಾನ್ಯವಾಗಿ ನಿಭಾಯಿಸಬಹುದು. ಒಬ್ಬರೇ ಡ್ಯೂಟಿಯಲ್ಲಿದ್ದು, ಹೊರಗೆ ಇಡೀ ಊರೇ ನಿಂತಿದ್ದರೆ 'ಬೆಂಗಳೂರಿಗೆ ಕರೆದುಕೊಂಡು ಹೋಗಿ' ಎನ್ನುವುದು ಸುಲಭ. ಅಲ್ಲೇ ಪ್ರತಿವಿಷ ಕೊಡುವ ಧೈರ್ಯ ತುಂಬಬೇಕಾದದ್ದು ತರಬೇತಿಯಿಂದ, ಬೆಂಗಾವಲಿನಿಂದ, ಶೋಕಾಸ್ ನೋಟಿಸಿನಿಂದಲ್ಲ.

ವರದಿಯ ನಮೂನೆಯಲ್ಲಿ ಎರಡು ಸಮಯ ಕಡ್ಡಾಯವಾಗಿರಲಿ: ಹಾವು ಕಡಿದದ್ದೆಷ್ಟು ಹೊತ್ತಿಗೆ, ಪ್ರತಿವಿಷದ ಮೊದಲ ಸೀಸೆ ಎಷ್ಟು ಹೊತ್ತಿಗೆ, ಯಾವ ಆಸ್ಪತ್ರೆಯಲ್ಲಿ. ರಾತ್ರಿ ನೀರು ಹಾಯಿಸಲು ಹೋಗಿ ಕಡಿಸಿಕೊಂಡವರೆಷ್ಟು ಎಂಬುದನ್ನೂ ಬರೆಯಲಿ. ಆ ಪಟ್ಟಿಯ ಒಂದು ಪ್ರತಿ ಆರೋಗ್ಯ ಇಲಾಖೆಯಿಂದ ಇಂಧನ ಇಲಾಖೆಗೂ ಹೋಗಲಿ.