ಆಡುನುಡಿ, ಅಕ್ಷರ ಮತ್ತು ಓದಿನ ತೊಡಕು: ಮಂಡ್ಯ ಸೀಮೆಯ ಶಾಲೆಗಳನ್ನು ಕುರಿತು

ಬುದ್ಧಿಶಕ್ತಿ, ದೃಷ್ಟಿ, ಶ್ರವಣ ಸರಿಯಿದ್ದು, ಕಲಿಯುವ ಅವಕಾಶ ದೊರೆತರೂ ಅಕ್ಷರವನ್ನು ಧ್ವನಿಯೊಡನೆ ಹೊಂದಿಸಿ ಓದಲು ಮಗು ಬಹುಕಾಲ ತೊಳಲಾಡುವ ಸ್ಥಿತಿಯನ್ನು ಡಿಸ್ಲೆಕ್ಸಿಯಾ ಎನ್ನಲಾಗುತ್ತದೆ. 1995ರ ಅಂಗವಿಕಲರ ಕಾಯಿದೆಯಲ್ಲಿ ಇದಕ್ಕೆ ಸ್ಥಾನವಿರಲಿಲ್ಲ. 2016ರ ಕಾಯಿದೆಯು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 21 ವಿಧಗಳಲ್ಲಿ ಒಂದೆಂದು ಮಾನ್ಯಮಾಡಿತು. ಆದರೆ ಕಾನೂನು ಒಪ್ಪಿದ್ದನ್ನು ತರಗತಿಯಲ್ಲಿ ಗುರುತಿಸುವುದು ವೈದ್ಯಕೀಯದ ಕೆಲಸ ಮಾತ್ರವಲ್ಲ. ಅದು ಭಾಷಾವಿಜ್ಞಾನದ ಕೆಲಸವೂ ಹೌದು.

ಅರಬ್ಬಿ ಭಾಷೆಯ ನಿದರ್ಶನ ಇಲ್ಲಿ ಉಪಯುಕ್ತ. ಅರಬ್ಬಿ ಮಾತನಾಡುವ ಮಗು ಮನೆಯಲ್ಲಿ ಪ್ರಾದೇಶಿಕ ನುಡಿಯನ್ನು ಆಡುತ್ತದೆ, ಶಾಲೆಯಲ್ಲಿ ಶಿಷ್ಟ ಭಾಷೆಯನ್ನು ಓದುತ್ತದೆ. ಸಾಮಾನ್ಯ ಬರೆಹದಲ್ಲಿ ಹ್ರಸ್ವ ಸ್ವರಗಳನ್ನು ಗುರುತಿಸುವುದೂ ಇಲ್ಲ. ಆದ್ದರಿಂದ ತಪ್ಪೊಂದು ಕಂಡಾಗ ಅದು ನುಡಿಭೇದದ ಫಲವೋ, ಲಿಪಿಯ ಗುಣವೋ, ನಿಜವಾದ ತೊಡಕೋ ಎಂದು ವಿವೇಚಿಸಬೇಕಾಗುತ್ತದೆ.

ಕನ್ನಡ ಲಿಪಿಯಲ್ಲಿ ಸ್ವರಗಳೆಲ್ಲವೂ ಬರೆಹದಲ್ಲಿ ಕಾಣುತ್ತವೆ. ಆದರೆ ಕಾಗುಣಿತ, ಒತ್ತಕ್ಷರಗಳಿಂದ ಮಗು ಕಲಿಯಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವು ಅಕ್ಷರಜ್ಞಾನದ ಗಳಿಕೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆಂದು ತೋರಿಸಿತು. ಅಂದಮೇಲೆ ಎರಡನೆಯ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದ ಮಾತ್ರಕ್ಕೆ ಅದನ್ನು ನ್ಯೂನತೆಯೆನ್ನಲಾಗದು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಈ ವಿವೇಚನೆ ಇನ್ನಷ್ಟು ಅಗತ್ಯ. ಇಲ್ಲಿನ ಗ್ರಾಮೀಣ ಆಡುನುಡಿಯಲ್ಲಿ ಪದಾದಿಯ ಹಕಾರ ಬೀಳುತ್ತದೆ, ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ, ಶಕಾರ ಸಕಾರವಾಗುತ್ತದೆ. ‘ಹಾಲು’ ಎಂಬುದನ್ನು ‘ಆಲು’ ಎಂದೂ ‘ಶಾಲೆ’ ಎಂಬುದನ್ನು ‘ಸಾಲೆ’ ಎಂದೂ ಬರೆದ ಮಗು ತನ್ನ ಧ್ವನಿಯನ್ನು ಅಕ್ಷರಕ್ಕೆ ಸರಿಯಾಗಿಯೇ ಹೊಂದಿಸಿದೆ. ಅದರ ತಪ್ಪಿಗೊಂದು ನಿಯಮವಿದೆ. ಅದನ್ನು ರೋಗವೆಂದು ಬಗೆಯುವುದು ಅನ್ಯಾಯ. ಇದಕ್ಕೆ ವಿರುದ್ಧವಾದ ಅನ್ಯಾಯವೂ ಉಂಟು: ಪದವನ್ನು ಉಚ್ಚಾರಾಂಶಗಳಾಗಿ ಬಿಡಿಸಲಾರದ, ಪ್ರಾಸ ಗುರುತಿಸಲಾರದ, ಪರಿಚಿತ ಪದವನ್ನೂ ಪ್ರತಿಸಲ ಹೊಸದೆಂಬಂತೆ ತಡವರಿಸಿ ಓದುವ ಮಗುವನ್ನು ‘ಹಳ್ಳಿಯ ಭಾಷೆ’ ಎಂದೋ ‘ದಡ್ಡತನ’ ಎಂದೋ ಕೈಬಿಡುವುದು. ಮೊದಲನೆಯದರಿಂದ ಆಡುನುಡಿಗೆ ಅಪಮಾನ. ಎರಡನೆಯದರಿಂದ ಮಗುವಿನ ಶಿಕ್ಷಣಕ್ಕೇ ಸಂಚಕಾರ.

ಸಾಧನಗಳಿಲ್ಲವೆಂದಲ್ಲ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರವು 2015ರಲ್ಲಿ ಹೊರತಂದ ‘ಡಾಲಿ’ ಪರೀಕ್ಷಾಮಾಲೆಯಲ್ಲಿ ಕನ್ನಡವೂ ಸೇರಿದೆ. ಆದರೆ ಶ್ರೀರಂಗಪಟ್ಟಣಕ್ಕೆ ಮೈಸೂರು ನೆರೆಯೂರಾದರೆ, ಕೆ.ಆರ್. ಪೇಟೆಯ ಒಳಹಳ್ಳಿಯ ಕೂಲಿಕಾರನಿಗೆ ಅದು ಒಂದು ದಿನದ ದುಡಿಮೆಯ ನಷ್ಟ. ಆದ್ದರಿಂದ ಮೊದಲ ಗುರುತಿಸುವಿಕೆ ಊರಿನ ಶಾಲೆಯಲ್ಲಿಯೇ ನಡೆಯಬೇಕು.

ಬೇಗ ಗುರುತಿಸಿದರೆ ಮಗುವಿಗೆ ಹಣೆಪಟ್ಟಿ ಅಂಟುವುದೆಂಬ ಆತಂಕ ನಿರಾಧಾರವಲ್ಲ. ಆದರೆ ಹೆಚ್ಚಿನ ಅಭ್ಯಾಸ, ಧ್ವನಿಯಾಟ, ಬಿಡಿಸಿ ಓದಿಸುವಿಕೆಗಳಿಗೆ ಪ್ರಮಾಣಪತ್ರ ಬೇಕಿಲ್ಲ; ಅವುಗಳಿಂದ ಯಾವ ಮಗುವಿಗೂ ಹಾನಿಯಿಲ್ಲ. ಅಂತಹ ನೆರವಿನ ನಂತರವೂ ಉಳಿಯುವ ತೊಡಕು ತಜ್ಞರ ಬಳಿಗೆ ಹೋಗಬೇಕು. ಕನ್ನಡ ವಿಭಾಗಗಳು ಇಷ್ಟು ಕಾಲ ಉಪಭಾಷೆಗಳ ಧ್ವನಿವ್ಯತ್ಯಾಸಗಳನ್ನು ಸಂಗ್ರಹಿಸಿವೆ. ಆ ಸಾಮಗ್ರಿಯಿಂದ ಒಂದೊಂದು ಸೀಮೆಗೂ ನಿರೀಕ್ಷಿತ ತಪ್ಪುಗಳ ಪಟ್ಟಿಯನ್ನು ಸಿದ್ಧಪಡಿಸಿ ಪ್ರಾಥಮಿಕ ಶಾಲೆಯ ಶಿಕ್ಷಕರ ಕೈಗಿತ್ತರೆ, ಉಪಭಾಷಾ ಅಧ್ಯಯನವು ಗ್ರಂಥಾಲಯದ ಕಪಾಟಿನಿಂದ ಇಳಿದು ಮಗುವಿನ ಪಾಟಿಯವರೆಗೆ ಬಂದಂತಾಗುತ್ತದೆ.