ತಾಂಡಾದ ಹಾಡು ಮೊಬೈಲಿಗೆ ಬಂತು, ಮುಂದೇನು?

ಹೊಳಲ್ಕೆರೆ ಕಡೆಯಿಂದ ದುರ್ಗಕ್ಕೆ ಬರುವ ಬಸ್ಸಿನಲ್ಲಿ ಯಾರಾದರೂ ಮೊಬೈಲಿನಲ್ಲಿ ಜೋರಾಗಿ ಹಾಡು ಹಾಕಿದರೆ ಕಂಡಕ್ಟರು ಗದರುತ್ತಾರೆ. ಗದರುವುದು ಸರಿಯೇ. 2021ರ ನವೆಂಬರಿನಲ್ಲೇ ಕೆಎಸ್‌ಆರ್‌ಟಿಸಿ ಇದನ್ನು ನಿಷೇಧಿಸಿದೆ. ಆದರೆ ಹಾಡು ಲಂಬಾಣಿ ಮಾತಿನದ್ದಾದರೆ ಅಕ್ಕಪಕ್ಕದ ಸೀಟಿನಿಂದ ಒಂದು ಕಿಸಕ್ಕನೆ ನಗೆಯೂ ಬರುತ್ತದಲ್ಲ, ಅದು ಯಾವ ಸುತ್ತೋಲೆಯಲ್ಲಿದೆ? ಸಿನಿಮಾ ಹಾಡಿಗೆ ಬಾರದ ನಗೆ ಇದಕ್ಕೇಕೆ?

ಲಂಬಾಣಿಗರು ಈ ಸೀಮೆಗೆ ನಿನ್ನೆ ಮೊನ್ನೆ ಬಂದವರಲ್ಲ. ರಾಜಸ್ಥಾನದ ಕಡೆಯಿಂದ ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದಕ್ಷಿಣಕ್ಕೆ ಇಳಿದ ಜನ. 1791-92ರಲ್ಲಿ ಟಿಪ್ಪುವಿನ ಮೇಲೆ ಬಂದ ಕಾರ್ನ್‌ವಾಲಿಸನ ದಂಡಿಗೆ ಕಾಳುಕಡಿ ಮುಟ್ಟಿಸಿದವರು ಈ ಬಂಜಾರರು. ರೈಲು ಬಂತು, ಹೇರು ನಿಂತಿತು. ಊರಾಚೆ ತಾಂಡಾ ಕಟ್ಟಿಕೊಂಡು ಕುಳಿತರು. ಕುಳಿತರು ಅಂದ್ರೆ ಪೂರ್ತಿ ಕುಳಿತಿಲ್ಲ ಬಿಡಿ. ಮಳೆ ಕೈಕೊಟ್ಟ ವರ್ಷ ಹಿರಿಯೂರು, ಹೊಸದುರ್ಗದ ತಾಂಡಾಗಳಿಂದ ಕಾಫಿ ತೋಟಕ್ಕೋ ಬೆಂಗಳೂರಿನ ಗಾರೆ ಕೆಲಸಕ್ಕೋ ಗುಳೆ ಹೋಗುವುದು ಇದ್ದೇ ಇದೆ.

ಇವರ ಮಾತಿಗೆ, ಅಂದರೆ ಗೋರ್ ಬೋಲಿಗೆ, ಸ್ವಂತ ಲಿಪಿ ಇಲ್ಲ. ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುತ್ತಾರೆ, ತೆಲಂಗಾಣದಲ್ಲಿ ತೆಲುಗಿನಲ್ಲಿ, ಮಹಾರಾಷ್ಟ್ರದಲ್ಲಿ ನಾಗರಿಯಲ್ಲಿ. ಹೊಳಲ್ಕೆರೆ ತಾಂಡಾದ ಹುಡುಗಿ ಕನ್ನಡ ಅಕ್ಷರದಲ್ಲಿ ಬರೆದದ್ದನ್ನು ಯವತ್ಮಾಳದ ಹುಡುಗಿ ಓದಲಾರಳು. ಹಾಡಿದ್ದನ್ನು ಮಾತ್ರ ಕೇಳಬಲ್ಲಳು. ಮೊಬೈಲು ಮಾಡಿದ ದೊಡ್ಡ ಕೆಲಸ ಇದು. ಹಿಂದೆ ಕ್ಯಾಸೆಟ್, ಆಮೇಲೆ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವ ಅಂಗಡಿ, ಈಗ ವಾಟ್ಸಾಪು, ಯೂಟ್ಯೂಬು. ಗುಳೆ ಹೋದ ಗಂಡನಿಗೆ ತಾಂಡಾದ ತೀಜ್ ಹಬ್ಬ ಕೈಯೊಳಗೇ ಬಂದು ಬೀಳುತ್ತದೆ.

ಸಂತೋಷ. ಆದರೆ ಬಂದು ಬೀಳುವುದು ಏನು? ತೀಜ್ ಅಂದರೆ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಗೋಧಿ ಬಿತ್ತಿ, ದಿನಾ ನೀರೆರೆದು, ಸುತ್ತ ನಿಂತು ಹಾಡುವ ಹಬ್ಬ. ಪರದೆಯ ಮೇಲೆ ಅದು ಅರ್ಧ ನಿಮಿಷ, ಹಿಂದೆ ಡೀಜೆ ಬಡಿತ. ಮದುವಣಗಿತ್ತಿ ತವರು ಬಿಡುವಾಗ ಅತ್ತುಕೊಂಡು ಹೇಳುವ ಢಾವಲೋ ಪದಗಳನ್ನು ಹಿರಿಯ ಹೆಂಗಸರು ಕೂತು ಕಲಿಸಬೇಕು. ಅದಕ್ಕೆ ಅರ್ಧ ನಿಮಿಷ ಸಾಲದು. ಕನ್ನಡಿ ಲಂಗ ತೊಟ್ಟು ಕುಣಿದ ಹುಡುಗಿಗೆ ಸಾವಿರ ಲೈಕು, ಹಾಡು ಬಲ್ಲ ಅಜ್ಜಿಯನ್ನು ಕೇಳುವವರಿಲ್ಲ. ಹುಡುಗರು ಅಜ್ಜಿಯ ಹಾಡು ರೆಕಾರ್ಡ್ ಮಾಡುವುದೂ ಉಂಟು. ಯಾವ ಅಜ್ಜಿ, ಯಾವ ತಾಂಡಾ, ಯಾವ ವರ್ಷ, ಒಂದೂ ಬರೆದಿರುವುದಿಲ್ಲ. ಮೊಬೈಲು ತುಂಬಿತು ಅಂತ ಒಂದು ದಿನ ಅಳಿಸಿಬಿಡುತ್ತಾರೆ. ಅಲ್ಲಿಗೆ ಮುಗಿಯಿತು.

ಸರ್ಕಾರದ ಲೆಕ್ಕವಾದರೂ ನೆಟ್ಟಗಿದೆಯೇ? 2011ರ ಜನಗಣತಿಯಲ್ಲಿ ದೇಶದಲ್ಲಿ ಲಂಬಾಣಿ ಮಾತು ತಮ್ಮದೆಂದು ಬರೆಸಿದವರು 32 ಲಕ್ಷಕ್ಕೂ ಹೆಚ್ಚು. ಅಷ್ಟನ್ನೂ ತೆಗೆದು ಹಿಂದಿಯ ಖಾತೆಗೆ ಜಮಾ ಮಾಡಿದ್ದಾರೆ! ಕಸೂತಿಗೆ ಮಾತ್ರ ಮರ್ಯಾದೆ ಸಿಕ್ಕಿದೆ. 2023ರಲ್ಲಿ ಹಂಪಿಯ ಜಿ20 ಸಭೆಯಲ್ಲಿ 1,755 ಲಂಬಾಣಿ ಕಸೂತಿ ವಸ್ತುಗಳನ್ನು ಇಟ್ಟು ಗಿನ್ನೆಸ್ ದಾಖಲೆ ಮಾಡಿಸಿದರು. ಬಟ್ಟೆ ಮಾರಾಟವಾಗುತ್ತದೆ, ಹಾಡಿಗೆ ಅಂಗಡಿಯಿಲ್ಲ.

ಬಂಜಾರ ಅಕಾಡೆಮಿ ಇದೆ, ಜಿಲ್ಲೆಯಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿ ಇದೆ, ಗ್ರಂಥಾಲಯ ಇದೆ. ಗ್ರಂಥಾಲಯದ ಒಂದು ಮೂಲೆಯಲ್ಲಿ ಒಂದು ಕಂಪ್ಯೂಟರು ಇಟ್ಟು, ತಾಂಡಾದ ಹುಡುಗರು ತಂದುಕೊಟ್ಟ ಹಾಡನ್ನು ಹಾಡಿದವರ ಹೆಸರು, ತಾಂಡಾ, ತಾರೀಖಿನ ಸಮೇತ ಇಳಿಸಿಕೊಳ್ಳಲು ಎಷ್ಟು ಖರ್ಚು? ಪ್ರತಿವರ್ಷ ಫೆಬ್ರವರಿ 15ಕ್ಕೆ ಸೇವಾಲಾಲ್ ಜಯಂತಿ ಬರುತ್ತದೆ, ಹಾರ ತುರಾಯಿ, ಭಾಷಣ ನಡೆಯುತ್ತವೆ. ಬರುವ ಜಯಂತಿಯ ದಿನ ವೇದಿಕೆ ಹತ್ತುವ ಅಧಿಕಾರಿಗಳು ಈ ಕೆಲಸ ಯಾವತ್ತಿನಿಂದ ಶುರು ಅನ್ನುವುದನ್ನು ತಾಂಡಾದವರ ಎದುರೇ ಹೇಳಲಿ.